ಅಜ್ಜಿಯ ಎದುರು ಕರಿಯಬಾರದು

ಹೂನಾ, ಅಲಾಸ್ಕ
ಮಾರ್ಚ್ 4, 2018

ಪ್ರೀತಿಯ ತಮ್ಮ ಎಮೆಟ್‌ಗೆ,

ನಿನ್ನ ಭಾವನ ಜೊತೆ ಮಾತಾಡುವುದಿಲ್ಲ ಎಂದು ನೀನು ಶಪಥ ಮಾಡಿ ಹದಿನಾಲ್ಕು ವರ್ಷವಾಯಿತು. ನಾನು ಫೋನ್ ಮಾಡಿದಾಗಲೂ ಹಿಂದಿನಿಂದ ಅವರ ಕೆಮ್ಮು ಕೇಳಿದರೆ ಸಾಕು, ಪಟ್ಟಂತ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಕಾಗದ ಕೆಮ್ಮುವುದಿಲ್ಲ. ಅದೂ ಅಲ್ಲದೆ ನೀನು ಮಾತಾಡುವುದಿಲ್ಲ ಎಂದಿದ್ದೆಯೇ ಹೊರತು ಬರೆಯುವುದಿಲ್ಲ ಎಂದಿರಲಿಲ್ಲ, ನನಗೆ ಚೆನ್ನಾಗಿ ನೆನಪಿದೆ.

ಮೇ ತಿಂಗಳಲ್ಲಿ ನಾನು ಸಿಯಾಟಲ್‌ಗೆ ಹೋಗಿ ಸೊಂಟದ ಕೀಲು ಬದಲಾಯಿಸಿಕೊಳ್ಳಬೇಕಂತೆ. ಎರಡು ತಿಂಗಳು ಅಲ್ಲೇ ವಾಸ. ಡಾಕ್ಟರು ಇನ್ನೂ ಮೀಸೆ ಬಲಿಯದ ಹುಡುಗ. "ಅಜ್ಜೀ, ಹೊಸ ಕೀಲು ಇಪ್ಪತ್ತು ವರ್ಷ ಬಾಳಿಕೆ ಬರುತ್ತೆ" ಅಂದ. "ನಾನೂ ಬರಬೇಕಲ್ಲಪ್ಪ" ಅಂದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಡೆಲಾಗೆ ಆರು ತುಂಬಿತು. ಕುಲ ತಾಯಿಯಿಂದ ತಾನೇ ಬರುವುದು, ನನ್ನ ಮಗಳ ಮಗಳು ಎಂದ ಮೇಲೆ ಅವಳು ನಮ್ಮ ಕುಲದವಳು. ತಾತ ಹೊರೇಸ್ ಎಷ್ಟು ಮುದ್ದಿಸಿದರೂ ಅವರು ಎದುರು ಕುಲದವರೇ. ಅವಳಿಗೆ ಅಮ್ಮನ ಹೆಸರು ಕೊಡಬೇಕೆಂದು ಎಲ್ಲರೂ ಒಪ್ಪಿದ್ದಾರೆ. ಅಕ್ಟೋಬರ್‌ನಲ್ಲಿ ಊರಿಗೆಲ್ಲ ಊಟ ಹಾಕಿ ಸಾರುತ್ತೇವೆ. ಅದಕ್ಕೆ ಮುಂಚೆ ಆ ಹೆಸರು ಅಜ್ಜಿಯ ಕಿವಿಗೆ ಬೀಳಬೇಕಲ್ಲ. ಕೊಲ್ಲಿಯ ತುದಿಯಲ್ಲಿ ಸಮುದ್ರಕ್ಕೆ ಕಾಲು ಇಳಿಬಿಟ್ಟು ಕೂತಿರುವ ಹಿಮನದಿಯನ್ನು ನಮ್ಮ ಮನೆಯಲ್ಲಿ ಅಜ್ಜಿ ಎಂದಲ್ಲದೆ ಬೇರೆ ರೀತಿ ಕರೆದವರಿಲ್ಲ. ನಿನ್ನ ಹೆಸರನ್ನೂ ನನ್ನ ಹೆಸರನ್ನೂ ಮೊದಲು ಕೇಳಿದವಳು ಅವಳೇ.

ಆದರೆ ಹೇಳುವವರು ಯಾರು? ನನಗೆ ಗೊತ್ತಿರುವುದು ಅಮ್ಮನನ್ನು ಎಲ್ಲರೂ ಕೂಗುತ್ತಿದ್ದ ಗಿಡ್ಡ ಹೆಸರು. ಪೂರ್ತಿ ಹೆಸರು, ಅಮ್ಮನಿಗಿಂತ ಮುಂಚೆ ಅದನ್ನು ಹೊತ್ತ ನಾಲ್ವರು ಹೆಂಗಸರು, ಅವರವರ ಗಿಡ್ಡ ಹೆಸರುಗಳು, ಅವರು ಹುಟ್ಟಿದ ಹೊಳೆಗಳು, ಇದನ್ನೆಲ್ಲ ಅಮ್ಮ ಕೂರಿಸಿಕೊಂಡು ಕಲಿಸಿದ್ದು ನಿನಗೆ. ನಾನಾಗ ಡ್ಯಾನ್ಸು ಡ್ಯಾನ್ಸು ಅಂತ ಓಡುತ್ತಿದ್ದೆ, ಆ ದುಃಖ ಇನ್ನೂ ಇದೆ. ನೀನು ಹೀಗೇ ಬಾಯಿ ಹೊಲಿದುಕೊಂಡು ಹೋದರೆ ಆ ಹೆಸರೂ ನಿನ್ನ ಜೊತೆ ಮಣ್ಣಿಗೆ ಹೋಗುತ್ತದೆ. ನಿನಗೆ ಅರವತ್ತೆಂಟು, ಸಕ್ಕರೆ ಕಾಯಿಲೆ ಬೇರೆ.

ಹೆಸರು ಬಂದ ದಿನದಿಂದ ಡೆಲಾ ನನಗೆ ಅಮ್ಮ, ನಾನು ಅವಳಿಗೆ ಮಗಳು. ಅಮ್ಮ ಜ್ವರದಲ್ಲಿ ಮಲಗಿದ್ದಾಗಲೂ ನನ್ನ ಹೆಜ್ಜೆ ಸದ್ದು ಕೇಳಿದರೆ "ಮಗಳೇ, ಊಟ ಆಯ್ತಾ?" ಅನ್ನುತ್ತಿದ್ದಳು, ಜ್ಞಾಪಕ ಇದೆಯಾ? ನನ್ನನ್ನು ಹಾಗೆ ಕೇಳುವವರು ಈಗ ಯಾರೂ ಇಲ್ಲ.

ನಿನ್ನ ಭಾವ ಚಳಿಗಾಲವೆಲ್ಲ ಕೂತು ಹದಿನೆಂಟು ಅಡಿಯ ಹಾಯಿದೋಣಿ ಕಟ್ಟಿದ್ದಾರೆ. ಬೇಸಿಗೆಯಲ್ಲಿ ಅಜ್ಜಿ ಇರುವ ಕೊಲ್ಲಿಯ ಕವಲಿಗೆ ಮೋಟಾರು ಒಯ್ಯುವ ಹಾಗಿಲ್ಲ. ಮೋಟಾರಿನ ಗಲಾಟೆಯಲ್ಲಿ ಅಜ್ಜಿಗೆ ಹೆಸರು ಕೇಳಿಸುವುದೂ ಇಲ್ಲ. ದೋಣಿಯಲ್ಲಿ ಮೂವರು ಕೂರುವಷ್ಟು ಜಾಗ ಬಿಟ್ಟಿದ್ದಾರೆ. ಮೂರನೆಯವರು ಯಾರು ಎಂದರೆ ಕೆಮ್ಮುತ್ತಾರೆ.

ಜೂನ್‌ನಲ್ಲಿ ಬಾ.

ನಿನ್ನ ಅಕ್ಕ,
ಕ್ಲಾರಿಸ್


ಸಿಟ್ಕಾ
ಮಾರ್ಚ್ 21

ಅಕ್ಕಾ,

ಸೊಂಟದ ವಿಷಯ ಓದಿ ಸಂಕಟವಾಯಿತು. ಮೆಟ್ಟಿಲು ಹತ್ತಬೇಡ. ಡೆಲಾಗೆ ಒಂದು ಜೊತೆ ಉಣ್ಣೆಯ ಕೈಗವಸು ಕಳಿಸಿದ್ದೇನೆ. ಎಡಗೈಯದು ಸ್ವಲ್ಪ ದೊಡ್ಡದಾಗಿದೆ, ಹೆಣೆಯುವಾಗ ಟಿವಿ ನೋಡುತ್ತಿದ್ದೆ.

ನಾನು ಬರುವುದಿಲ್ಲ. ಅಜ್ಜಿಗೆ ನನ್ನ ಮುಖ ಬೇಡ.

ಏನಾಯಿತು ಎಂದು ನಿನಗೆ ಗೊತ್ತು, ಊರಿಗೆಲ್ಲ ಗೊತ್ತು. ಅಮ್ಮ ತೀರಿಕೊಂಡ ವರ್ಷ ಆ ಸುದ್ದಿ ಅಜ್ಜಿಗೆ ತಿಳಿಸಲು ನಾನೂ ಭಾವನೂ ಹೋಗಿದ್ದೆವು. ಎರಡು ದಿನ ಬಿಡದೆ ಮಳೆ. ಒದ್ದೆ ಗುಡಾರದಲ್ಲಿ ಕೂತಿದ್ದಾಗ ಅಮ್ಮ ಕರಿಯುತ್ತಿದ್ದ ರೊಟ್ಟಿ ನೆನಪಾಯಿತು. ಬುಟ್ಟಿಯಲ್ಲಿ ಹಿಟ್ಟಿತ್ತು, ಹಂದಿಕೊಬ್ಬೂ ಇತ್ತು. ಅಜ್ಜಿಯ ಎದುರು ಬೇಯಿಸಬಹುದು, ಕರಿಯಬಾರದು, ಜಿಡ್ಡಿನ ವಾಸನೆ ಅವಳಿಗೆ ಆಗದು ಎಂದು ಹಾಲುಹಲ್ಲಿನ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೂ ಕರಿದೆ. ಆರನೆಯ ರೊಟ್ಟಿ ತಿರುವಿಹಾಕುತ್ತಿದ್ದಾಗ ಮಂಜುಗಡ್ಡೆಯ ಗೋಡೆಯ ಒಂದು ಪಾಲು ಕಳಚಿ ನೀರಿಗೆ ಬಿತ್ತು. ಅಲೆ ಬಂದು ದೋಣಿಯನ್ನು ಬಂಡೆಗೆ ಬಡಿದು ಪುಡಿ ಮಾಡಿತು. ಯಾರೋ ಬಂದು ಕರೆದೊಯ್ಯುವವರೆಗೆ ಮೂರು ದಿನ ದಡದಲ್ಲಿದ್ದೆವು.

ಭಾವ ಅಲ್ಲಿ ಹೇಳಿದ ಮಾತು ಇದು: "ಹೆತ್ತವಳ ಸಾವಿನ ಸುದ್ದಿ ಹೇಳೋಕೆ ಬಂದು ಹೊಟ್ಟೆ ನೋಡ್ಕೊಂಡೆಯಲ್ಲೋ. ಅಜ್ಜಿಗೆ ನಿನ್ನ ಮುಖ ಬೇಡ." ಊರಿಗೆ ಬಂದ ಮೇಲೂ ಮೀನು ಇಳಿಸುವ ಕಟ್ಟೆಯ ಮೇಲೆ ನಿಂತು ಅದನ್ನೇ ಹೇಳಿದರು. ಒಂದು ವಾರದಲ್ಲಿ ನಾನು ರೊಟ್ಟಿ ಎಮೆಟ್ ಆದೆ. ಐವತ್ತನಾಲ್ಕು ವರ್ಷದ ಗಂಡಸಿಗೆ ಅಂಗಡಿಯಲ್ಲಿ ಮಕ್ಕಳು ಹಿಟ್ಟಿನ ಚೀಲ ತೋರಿಸಿ ನಗುತ್ತಿದ್ದವು.

ಹೆಸರನ್ನು ಬರೆದು ಕಳಿಸು ಎನ್ನಬೇಡ. ಬಾಯಿಂದ ಕಿವಿಗೆ ಹೋಗಬೇಕಾದದ್ದು ಅಂಚೆಯಲ್ಲಿ ಹೋಗಬಾರದು ಎಂದು ಅಮ್ಮ ಹೇಳಿದ್ದಾಳೆ.

ನಿನ್ನ ತಮ್ಮ,
ಎಮೆಟ್

ದೋಣಿಗೆ ಯಾವ ಮರ ಹಾಕಿದ್ದಾರೆ? ಸುಮ್ಮನೆ ಕೇಳಿದೆ.


ಹೂನಾ
ಏಪ್ರಿಲ್ 16

ಎಮೆಟ್,

ಹಳದಿ ದೇವದಾರು. ನೀನು ಅಕ್ಕನನ್ನು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡುತ್ತಿದ್ದೇನೆ, ಅವಳಿಗೆ ಮರದ ವಿಚಾರ ಏನು ಗೊತ್ತು.

ನಿನ್ನ ಹೆರಿಂಗ್ ಮೀನಿನ ಮೊಟ್ಟೆಯ ಪೆಟ್ಟಿಗೆ ತಲುಪಿತು. ಪ್ರತಿ ವಸಂತದಲ್ಲಿ ಮೊಟ್ಟೆ ಅಂಟಿದ ಕೊಂಬೆಗಳನ್ನು ಕಳಿಸುತ್ತೀಯ, ಮೇಲೆ ದಪ್ಪಕ್ಷರದಲ್ಲಿ "ಅಕ್ಕನಿಗೆ ಮಾತ್ರ" ಅಂತ ಬರೆದಿರುತ್ತೀಯ. ಹದಿಮೂರು ವರ್ಷ ನಾನು ಆ ಮೊಟ್ಟೆಗಳನ್ನು ಕದ್ದು ತಿಂದಿದ್ದೇನೆ. ಈ ಸಲ "ಮಾತ್ರ" ಇರಲಿಲ್ಲ. ಕ್ಲಾರಿಸ್ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದಳು. ಮೇಜಿನ ಹತ್ತಿರ ಕೂತು ತಿಂದೆ. ಕದ್ದು ತಿಂದಷ್ಟು ರುಚಿಯಾಗಿರಲಿಲ್ಲ.

ಇಲ್ಲಿ ಗಾಳಿ ಆಗ್ನೇಯದಿಂದ ಬೀಸುತ್ತಿದೆ. ಹಾಯಿ ಹೊಲಿದಿದ್ದೇನೆ, ಕೆಳಗಿನ ಅಂಚು ಸೊಟ್ಟ. ಮಳೆ ಕಡಿಮೆ. ದೋಣಿಗೆ ಬಣ್ಣ ಬಳಿಯಲು ಡೆಲಾ ಬಂದಿದ್ದಳು, ಈಗ ನಾಯಿಯೂ ನೀಲಿ.

ಆ ದಿನ ನಾನು ಒಂದೆರಡು ಮಾತು ಹೆಚ್ಚಿಗೆ ಆಡಿರಬಹುದು. ದೋಣಿ ಹೋದ ಸಿಟ್ಟಿನಲ್ಲಿ ಯಾರಾದರೂ ಆಡುತ್ತಾರೆ.

ಹೊರೇಸ್


ಸಿಟ್ಕಾ
ಏಪ್ರಿಲ್ 29

ಭಾವನವರಿಗೆ,

ನಿಮ್ಮ ಹವಾಮಾನ ವರದಿ ತಲುಪಿತು. ರೇಡಿಯೋದವರೂ ಇಷ್ಟು ವಿವರವಾಗಿ ಹೇಳುವುದಿಲ್ಲ.

ಹಾಯಿ ಸೊಟ್ಟಗಿರುವುದು ಅಂಚಿನ ಹಗ್ಗವನ್ನು ಒಣಗಿದ್ದಾಗಲೇ ಬಿಗಿದು ಹೊಲಿದದ್ದರಿಂದ. ನೆನೆಸಿ, ಎಳೆದು, ಆಮೇಲೆ ಹೊಲಿಯಬೇಕು. ನಲವತ್ತು ವರ್ಷದ ಹಿಂದೆಯೇ ಹೇಳಿದ್ದೆ.

ಇನ್ನೇನಾದರೂ ಬರೆಯುವುದಿದ್ದರೆ ಬರೆಯಿರಿ. ನಾನು ಕಾಯಬಲ್ಲೆ, ಅಭ್ಯಾಸವಾಗಿದೆ.

ಎಮೆಟ್


ಸಿಯಾಟಲ್
ಮೇ 22

ಯಜಮಾನರಿಗೆ,

ಕೀಲು ಹಾಕಿದರು. ನಿನ್ನೆ ಹನ್ನೊಂದು ಹೆಜ್ಜೆ ನಡೆದೆ, ಇವತ್ತು ಮೂವತ್ತು. ಇಲ್ಲಿಯ ಸಾರು ಕುಡಿದರೆ ಪಾತ್ರೆ ತೊಳೆದ ನೀರು ನೆನಪಾಗುತ್ತದೆ. ಮಿಕ್ಕಂತೆ ಸುಖ.

ನಿಮ್ಮ ಕಾಗದದ ನಕಲನ್ನು ನೀವು ಅಡಿಗೆಮನೆಯಲ್ಲೇ ಬಿಟ್ಟಿದ್ದಿರಿ, ನಾನು ಹೊರಡುವ ಮುಂಚೆ ಓದಿದೆ. ನಾಯಿಯ ಬಣ್ಣದ ತನಕ ಎಲ್ಲ ಇದೆ, ಬರೆಯಬೇಕಾದದ್ದು ಇಲ್ಲ. ಏನ್ರೀ, ನಲವತ್ತೈದು ವರ್ಷ ನಿಮ್ಮ ಪಕ್ಕ ಮಲಗಿದವಳು ನಾನು. ನೀವು ನಿದ್ದೆಯಲ್ಲಿ ಮಾತಾಡುತ್ತೀರಿ. "ಆಲೂಗಡ್ಡೆ ಸೀದುಹೋಯ್ತು, ಎಮೆಟ್ ಬಂದ, ಎಮೆಟ್ ಬಂದ" ಅಂತ ಹೊದಿಕೆ ಕಿತ್ತು ಬಚ್ಚಿಡುತ್ತೀರಿ. ಯಾರಾದರೂ ಬಾಣಲೆ ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೀರಿ. ಇಷ್ಟು ವರ್ಷ ನೀವಾಗಿಯೇ ಹೇಳಲಿ ಎಂದು ಸುಮ್ಮನಿದ್ದೆ, ಅದು ನನ್ನ ತಪ್ಪು.

ಹದಿನೈದು ದಿನ ಕೊಡುತ್ತೇನೆ. ಅಷ್ಟರಲ್ಲಿ ಅವನಿಗೆ ನೀವು ಬರೆಯದಿದ್ದರೆ ನಾನು ಬರೆಯುತ್ತೇನೆ. ನಾನು ಬರೆದರೆ ಹೇಗಿರುತ್ತದೆ ಎಂದು ನಿಮಗೆ ಗೊತ್ತು.

ನಿಮ್ಮ,
ಕ್ಲಾರಿಸ್


ಹೂನಾ
ಮೇ 30

ಎಮೆಟ್,

ಈ ಕಾಗದ ಐದನೆಯದು. ನಾಲ್ಕನ್ನು ಒಲೆಗೆ ಹಾಕಿದೆ.

ಅವತ್ತು ಬೆಳಿಗ್ಗೆ ನೀನು ನೀರು ತರಲು ಹೊಳೆಗೆ ಹೋಗಿದ್ದೆ. ನನಗೆ ಚಳಿ, ಹಸಿವು. ದೊಡ್ಡ ಬಂಡೆಯ ಹಿಂದೆ ಒಲೆ ಹೊತ್ತಿಸಿ ಹಂದಿಕೊಬ್ಬಿನಲ್ಲಿ ಆಲೂಗಡ್ಡೆ ಹುರಿದುಕೊಂಡು ತಿಂದೆ. ಒಂದು ಬಾಣಲೆ ಪೂರ್ತಿ. ನಿನಗೆ ಅಂತ ಒಂದು ಹೋಳೂ ಉಳಿಸಲಿಲ್ಲ. ನೀನು ರೊಟ್ಟಿ ಕರಿದದ್ದು ಸಂಜೆ. ಅಷ್ಟು ಹೊತ್ತಿಗಾಗಲೇ ಅಜ್ಜಿಯ ಮೂಗಿಗೆ ನನ್ನ ಹೊಗೆ ಹೋಗಿ ಒಂಬತ್ತು ಗಂಟೆ ಕಳೆದಿತ್ತು.

ಗೋಡೆ ಬಿದ್ದಾಗ ನನಗೆ ಭಯವಾಯಿತು. ಆಮೇಲೆ ನಾಚಿಕೆಯಾಯಿತು. ನಾಚಿಕೆ ಮುಚ್ಚಲು ನಿನ್ನ ಮೇಲೆ ಕೂಗಾಡಿದೆ. ಒಂದು ಸಲ ಕೂಗಾಡಿದ ಮೇಲೆ ಹಿಂತೆಗೆದುಕೊಳ್ಳುವುದು ಹೇಗೆ ಎಂದು ತಿಳಿಯದೆ ಕಟ್ಟೆಯ ಮೇಲೂ ಕೂಗಾಡಿದೆ. ನಿನ್ನನ್ನು ಊರು ಬಿಡಿಸಿದೆ. ನೀನು ಹಡಗು ಹತ್ತಿದ ದಿನ ನಾನು ಮನೆಯ ಹಿಂದೆ ಸೌದೆ ಒಡೆಯುತ್ತಾ ನಿಂತಿದ್ದೆ. ಒಡೆಯಲು ಸೌದೆ ಇರಲಿಲ್ಲ, ಬರೀ ಕೊಡಲಿ ಬೀಸುತ್ತಿದ್ದೆ.

ಮುಖ ತೋರಿಸಬಾರದವನು ನಾನು. ಆದರೂ ಡೆಲಾಗೆ ಹೆಸರು ಬೇಕು. ನೀನು ಬಾ, ದೋಣಿ ನೀನು ನಡೆಸು. ನಾನು ಬರಬಾರದು ಎಂದರೆ ದಡದಲ್ಲಿ ಕೂತಿರುತ್ತೇನೆ. ನನ್ನನ್ನು ಕ್ಷಮಿಸು ತಮ್ಮ.

ಹೊರೇಸ್


ಸಿಟ್ಕಾ
ಜೂನ್ 8

ಭಾವ,

ನನಗೆ ಗೊತ್ತಿತ್ತು.

ನೀರು ತಂದಿಟ್ಟಾಗ ನಿಮ್ಮ ಗಡ್ಡ ಗಮ್ಮೆನ್ನುತ್ತಿತ್ತು. ಸಂಜೆ ನಾನು ಬಾಣಲೆ ಎತ್ತಿಕೊಂಡಾಗ ಅದು ಆಗಲೇ ಜಿಡ್ಡಾಗಿತ್ತು. ಹಿರಿಯರೇ ಹುರಿದುಕೊಂಡ ಮೇಲೆ ಕಿರಿಯನು ಕರಿದರೇನು ಎಂದುಕೊಂಡೆ. ಅದು ನನ್ನ ತಪ್ಪು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಹದಿನಾಲ್ಕು ವರ್ಷ ನಾನು ಅಜ್ಜಿಗೆ ಹೆದರಿ ದೂರ ಇದ್ದೆ ಎಂದುಕೊಂಡಿರಾ? ಸ್ವಲ್ಪ ಹೆದರಿದ್ದೂ ನಿಜ. ಆದರೆ ನೀವು ಒಂದು ದಿನ "ನಾನೂ ಹುರಿದೆ ಕಣೋ" ಅನ್ನುತ್ತೀರಿ ಎಂದು ಕಾಯುತ್ತಿದ್ದೆ. ಮೊದಲ ವರ್ಷ ದಿನಾ ಕಾದೆ. ಆಮೇಲೆ ಹೆರಿಂಗ್ ಕಾಲ ಬಂದಾಗ ಮಾತ್ರ. ನಿಮ್ಮ ಮೇಲೆ ಸಿಟ್ಟಿಗಿಂತ ಹೆಚ್ಚಾಗಿ ನಿಮ್ಮ ನೆನಪು ಕಾಡುತ್ತಿತ್ತು, ಅದು ಬಲು ಕಷ್ಟ. ಇಲ್ಲಿ ನನ್ನನ್ನು ರೇಗಿಸುವವರು ಒಬ್ಬರೂ ಇಲ್ಲ, ಎಲ್ಲರೂ ಮರ್ಯಾದೆ ಕೊಡುತ್ತಾರೆ.

ಶುಕ್ರವಾರದ ಹಡಗಿಗೆ ಬರುತ್ತೇನೆ. ಕಾಗದ ಮೊದಲು ಬರುತ್ತದೋ ನಾನು ಮೊದಲೋ ಗೊತ್ತಿಲ್ಲ. ನೀವು ದಡದಲ್ಲಿ ಕೂರುವುದು ಬೇಡ. ಎದುರು ಕುಲದವರು ಸಾಕ್ಷಿಗೆ ಇಲ್ಲದಿದ್ದರೆ ಹೆಸರು ನಿಲ್ಲುವುದಿಲ್ಲ ಎಂದು ನಿಮಗೆ ಗೊತ್ತಿಲ್ಲವೇ, ಇಷ್ಟು ವಯಸ್ಸಾಗಿ ಏನು ಬಂತು?

ಬುಟ್ಟಿಯನ್ನು ನಾನೇ ತಪಾಸಣೆ ಮಾಡುತ್ತೇನೆ.

ಎಮೆಟ್


ಅಜ್ಜಿಯಿಂದ ಒಂದು ಮೈಲಿ ಈಚೆಯ ದಡ
ಜೂನ್ 23, ಮಧ್ಯಾಹ್ನ

ಅಕ್ಕಾ,

ಇರುವುದು ಒಂದೇ ಪೆನ್ಸಿಲ್. ಅದಕ್ಕೆ ಸರದಿಯ ಮೇಲೆ ಬರೆಯುತ್ತೇವೆ. ಡೆಲಾ ಕಲ್ಲು ಆರಿಸುತ್ತಿದ್ದಾಳೆ, ಕಿತ್ತಳೆ ಬಣ್ಣದ ತೇಲುವ ಅಂಗಿಯನ್ನು ಬಿಚ್ಚಲು ಒಪ್ಪುತ್ತಿಲ್ಲ. ಮೊದಲು ನಾನು, ಎಮೆಟ್.

ಐದು ದಿನ ಹಿಡಿಯಿತು. ಗಾಳಿ ಇದ್ದಾಗ ಹಾಯಿ, ಇಲ್ಲದಾಗ ಹುಟ್ಟು. ಉಬ್ಬರ ಬಂದಾಗ ಕೊಲ್ಲಿಯೊಳಕ್ಕೆ ಕುಣಿಯುತ್ತಾ ಹೋದೆವು, ಇಳಿತದಲ್ಲಿ ಲಂಗರು ಹಾಕಿ ಕೂತೆವು. ನಿನ್ನ ಗಂಡ ಎರಡನೇ ದಿನ ಇಳಿತದ ಹೊತ್ತು ತಪ್ಪಾಗಿ ಲೆಕ್ಕ ಹಾಕಿದ್ದರಿಂದ ನಾವು ಹೊರಟ ಜಾಗಕ್ಕೇ ವಾಪಸ್ಸು ಬಂದೆವು.

ಹೊರೇಸ್: ಗಡಿಯಾರ ನೋಡಿದವನು ಇವನು. ಬರೆದುಕೊ ಕ್ಲಾರಿಸ್. ಹಾಯಿ ಮಾತ್ರ ಈಗ ನೆಟ್ಟಗಿದೆ. ಬಂದ ದಿನವೇ ನನ್ನ ಹೊಲಿಗೆಯನ್ನೆಲ್ಲ ಬಿಚ್ಚಿ ಬೇರೆ ಹೊಲಿದ. ಹಡಗಿನಿಂದ ಇಳಿದು ಮೊದಲು ಆಡಿದ ಮಾತು ಏನು ಗೊತ್ತಾ? "ಗಡ್ಡ ಮುಂದೆ ಮಾಡಿ" ಅಂದ. ಮೂಸಿ ನೋಡಿದ. ಆಮೇಲೆ ತಬ್ಬಿಕೊಂಡ. ಇಬ್ಬರೂ ಅತ್ತೆವು, ಡೆಲಾ ಎಲ್ಲರಿಗೂ ಹೇಳುತ್ತಾಳೆ, ಅದಕ್ಕೆ ನಾನೇ ಮೊದಲು ಹೇಳಿಬಿಡುತ್ತಿದ್ದೇನೆ.

ಎಮೆಟ್: ಇವತ್ತು ಬೆಳಿಗ್ಗೆ ಅಜ್ಜಿಯ ಮುಂದೆ ಹೋದೆವು. ಅರ್ಧ ಮೈಲಿ ದೂರದಲ್ಲೇ ಹಾಯಿ ಇಳಿಸಿದೆವು. ಸುತ್ತ ಮಂಜುಗಡ್ಡೆಯ ಚೂರುಗಳು ತೇಲುತ್ತಿದ್ದವು, ಒಂದರ ಮೇಲೆ ತಾಯಿ ಸೀಲ್ ತನ್ನ ಮರಿಯೊಡನೆ ಮಲಗಿತ್ತು. ನಾನು ಬಾಯಿ ತೆರೆಯುವುದಕ್ಕೆ ಮುಂಚೆ ಡೆಲಾ ಕಿವಿಗೆ ಕೈ ಇಟ್ಟು ಕೇಳಿಸಿಕೊಂಡಳು. ಚೂರುಗಳು ಕರಗುವಾಗ ಒಳಗಿನ ಗಾಳಿ ಚಟಪಟ ಅನ್ನುತ್ತದಲ್ಲ, ಅದು.

"ತಾತಾ, ನಮ್ಗೆ ಕರೀಬೇಡಿ ಅಂತಾಳೆ, ಅಜ್ಜಿ ತಾನೇ ಕರೀತಿದ್ದಾಳಲ್ಲ!"

ಹೊರೇಸ್: ಅಜ್ಜಿಯ ಮುಂದೆ ತಮಾಷೆ ಮಾಡಬಾರದು. ನಾನು ತುಟಿ ಕಚ್ಚಿಕೊಂಡೆ. ನಿನ್ನ ತಮ್ಮ ಮೂಗು ಹಿಡಿದುಕೊಂಡ. ಆಮೇಲೆ ಅವನ ಭುಜ ಕುಣಿಯಲು ಶುರುವಾಯಿತು. ನಾವು ಮೂವರೂ ದೋಣಿ ಅಲ್ಲಾಡುವಷ್ಟು ನಕ್ಕೆವು, ಕ್ಲಾರಿಸ್. ಅಜ್ಜಿ ಒಂದು ಚೂರೂ ಉದುರಿಸಲಿಲ್ಲ.

ಆಮೇಲೆ ನಾನು ಟೋಪಿ ತೆಗೆದು ನಿಂತೆ. ಅವಳು ನಿಮ್ಮ ಅಜ್ಜಿ, ನನಗೆ ಹೆಂಡತಿ ಮನೆಯ ಹಿರಿಯಳು. "ಅಮ್ಮಾ, ಅವತ್ತು ಹುರಿದೋನು ನಾನು. ಇವನ ಮೇಲೆ ಹಾಕ್ದೆ. ತಪ್ಪಾಯ್ತು" ಅಂದೆ. ಅವನು "ನಾನೂ ಕರಿದೆ ಅಜ್ಜೀ, ಆರು ರೊಟ್ಟಿ" ಅಂದ. ಆಗ ಡೆಲಾ ಎದ್ದು ನಿಂತು, "ಅಜ್ಜೀ, ನಾನು ಏನೂ ಕರಿದಿಲ್ಲ" ಅಂದಳು.

ಎಮೆಟ್: ಹೆಸರು ಹೇಳಲು ನಿಂತಾಗ ನನಗೆ ಹೆದರಿಕೆಯಿದ್ದದ್ದು ಅಜ್ಜಿಯದಲ್ಲ, ಮರೆವಿನದು. ಹದಿನಾಲ್ಕು ವರ್ಷ ಅದನ್ನು ಜೋರಾಗಿ ಹೇಳಿರಲಿಲ್ಲ. ಅಮ್ಮನ ಹೆಸರು ಬಂತು. ಮೊದಲ ಹೆಂಗಸು, ಅವಳ ಹೊಳೆ. ಎರಡನೆಯವಳು, ಮೂರನೆಯವಳು. ನಾಲ್ಕನೆಯವಳ ಹತ್ತಿರ ಬಂದು ನಿಂತುಬಿಟ್ಟೆ. ಏನೂ ಇಲ್ಲ, ಪೂರ್ತಿ ಖಾಲಿ. ಭಾವನಿಗೆ ಒಂದು ವೇಳೆ ಗೊತ್ತಿದ್ದಿದ್ದರೂ ಎದುರು ಕುಲದವರಾಗಿ ಬಾಯಿ ಹಾಕುವ ಹಕ್ಕಿಲ್ಲ. ಅವರು ಹಿಂದಿನಿಂದ ನನ್ನ ಸೊಂಟದ ಪಟ್ಟಿ ಗಟ್ಟಿಯಾಗಿ ಹಿಡಿದುಕೊಂಡು ನಿಂತರು. ಅಮ್ಮ ಕಲಿಸುವಾಗ ತಪ್ಪಿದರೆ ಹೀಗೆಯೇ ಅಂಗಿಯ ತುದಿ ಹಿಡಿದು ಕಾಯುತ್ತಿದ್ದಳು. ಹೆಸರು ಬಂತು ಅಕ್ಕಾ. ಹೊಳೆಯ ಸಮೇತ ಬಂತು.

ಡೆಲಾ ಎಲ್ಲವನ್ನೂ ನನ್ನ ಹಿಂದೆಯೇ ಹೇಳಿದಳು, ನಾನು ತಡವರಿಸಿದ ಕಡೆಯೂ ತಡವರಿಸದೆ.

ಹೊರೇಸ್: ಅವಳು ಮುಗಿಸಿದ ಮೇಲೆ ಗೋಡೆಯಿಂದ ಒಂದು ಒಲೆಯಷ್ಟು ದೊಡ್ಡ ತುಂಡು ಕಳಚಿ ಬುಳುಂ ಅಂತ ಬಿತ್ತು. ಅಲೆ ಬರುವಷ್ಟರಲ್ಲಿ ಸಣ್ಣದಾಗಿತ್ತು, ದೋಣಿಯನ್ನು ಮೂರು ಸಲ ತೊಟ್ಟಿಲ ಹಾಗೆ ತೂಗಿ ಹೋಯಿತು. ಇವನು ಬಣ್ಣ ಕಟ್ಟಿ ಇನ್ನೂ ದೊಡ್ಡದಾಗಿತ್ತು ಅಂತ ಹೇಳುತ್ತಾನೆ, ನಂಬಬೇಡ. ಈಗ ಒಣಮೀನು, ಗಟ್ಟಿ ಬಿಸ್ಕತ್ತು ತಿನ್ನುತ್ತಿದ್ದೇವೆ. ಕಾಫಿ ಕುದಿಸಿದ್ದು ಬಿಟ್ಟರೆ ಒಲೆ ಮುಟ್ಟಿಲ್ಲ.

ನಿನ್ನ ಇಬ್ಬರು ಮುದುಕರು,
ಎಮೆಟ್, ಹೊರೇಸ್


ಸಿಯಾಟಲ್
ಜುಲೈ 5

ನನ್ನ ಇಬ್ಬರು ಮುದುಕರಿಗೆ,

ಹೂನಾ ಅಂಚೆಯ ಮುದ್ರೆ ಇರುವ ನಿಮ್ಮ ಕಾಗದ ನಿನ್ನೆ ಬಂತು. ಮೀನಿನ ವಾಸನೆ, ಒಲೆಯ ಮಸಿ, ಡೆಲಾಳ ಹೆಬ್ಬೆರಳಿನ ಗುರುತು. ನಕ್ಕು ನಕ್ಕು ಹೊಲಿಗೆ ಬಿಚ್ಚಿತೇನೋ ಎಂದು ಪಕ್ಕದ ಹಾಸಿಗೆಯವಳು ಗಂಟೆ ಒತ್ತಿ ನರ್ಸನ್ನು ಕರೆದಳು.

ನೀವಿಬ್ಬರೂ ಒಪ್ಪಿಕೊಂಡ ಮೇಲೆ ನಾನೂ ಒಪ್ಪಿಕೊಳ್ಳಬೇಕು. ಆ ವರ್ಷ ಬುಟ್ಟಿಗೆ ಹಂದಿಕೊಬ್ಬು ಇಟ್ಟವರು ಯಾರು ಎಂದು ನಿಮಗಿಬ್ಬರಿಗೂ ಇಷ್ಟು ವರ್ಷ ಹೊಳೆಯಲೇ ಇಲ್ಲವಲ್ಲ. ದಾರಿಯಲ್ಲಿ ಬೇಕಾಗಬಹುದು, ಅಲ್ಲಿಗೆ ತಲುಪುವ ಮೊದಲೇ ಖಾಲಿಯಾಗುತ್ತದೆ ಎಂದುಕೊಂಡು ಇಟ್ಟವಳು ನಾನು. ಜಗಳವಾದಾಗ ಹೇಳಲು ಬಾಯಿ ಬರಲಿಲ್ಲ. ಮುಂದಿನ ಬೇಸಿಗೆ ದೋಣಿಯಲ್ಲಿ ನಾಲ್ಕನೆಯವರಿಗೂ ಜಾಗ ಮಾಡಿ. ಹೊಸ ಸೊಂಟ ತೋರಿಸಿ ನಾನೂ ಅಜ್ಜಿಯ ಕ್ಷಮೆ ಕೇಳಬೇಕು.

ಇವತ್ತು ಬೆಳಿಗ್ಗೆ ಮಗಳು ಫೋನ್ ಮಾಡಿ ಡೆಲಾಗೆ ಕೊಟ್ಟಳು. ಅವಳು ಉಸಿರು ತೆಗೆದುಕೊಂಡು ಅಮ್ಮನ ಪೂರ್ತಿ ಹೆಸರು ಹೇಳಿದಳು. ನಾಲ್ವರು ಹೆಂಗಸರನ್ನೂ ಹೇಳಿದಳು, ನಾಲ್ಕು ಹೊಳೆಗಳನ್ನೂ ಹೇಳಿದಳು. ಎಪ್ಪತ್ತೆರಡು ವರ್ಷಕ್ಕೆ ಅದನ್ನು ನಾನು ಮೊದಲ ಸಲ ಕೊನೆಯವರೆಗೂ ಕೇಳಿದೆ, ಡ್ಯಾನ್ಸಿಗೆ ಎದ್ದು ಓಡದೆ.

ಆಮೇಲೆ ಕೇಳಿದಳು:

"ಮಗಳೇ, ಊಟ ಆಯ್ತಾ?"

ನರ್ಸ್ ಓಡಿ ಬಂದು ಎಲ್ಲಿ ನೋವು ಎಂದು ವಿಚಾರಿಸಿದಳು. ನೋವಲ್ಲ, ಅಮ್ಮ ಫೋನ್ ಮಾಡಿದ್ದಾಳೆ ಎಂದೆ.

ಎಮೆಟ್, ಹಾಗೆ ಕೇಳು ಎಂದು ನೀನೇ ಅವಳಿಗೆ ಹೇಳಿಕೊಟ್ಟಿದ್ದರೆ, ದಯವಿಟ್ಟು ನನಗೆ ಹೇಳಬೇಡ.

ಊಟ ಮಾಡಿದ,
ಕ್ಲಾರಿಸ್